ಮೂರನೆಯ ಬಿಂದು

ಸಮೀಕರಣಕ್ಕೆ ನಕ್ಷೆ ಬರೆಯುವುದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕಣ್ಣುಮುಚ್ಚಿ ಅಂಕ ಗಳಿಸುವ ಪ್ರಶ್ನೆ. ಕಣ್ಣು ತೆರೆದು ಬರೆದರೆ ಅದೇ ಗೆರೆ ಆಟೊ ದರದ ಒಳಗುಟ್ಟು ಬಿಟ್ಟುಕೊಡುತ್ತದೆ, ಒಂಟಿ ಹಳಿಯ ಮೇಲೆ ರೈಲುಗಳಿಗೆ ಕ್ರಾಸಿಂಗ್ ಹಾಕುತ್ತದೆ, ನೃಪತುಂಗನ ಕಾಲದ ಲೆಕ್ಕವೊಂದಕ್ಕೆ ಚಿತ್ರ ಕೊಡುತ್ತದೆ.

ಬೆಂಗಳೂರಿನ ಆಟೊ ಮೀಟರ್ ದರ 2025ರ ಆಗಸ್ಟ್ 1ರಿಂದ ಹೀಗಿದೆ: ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಓದಿದರೆ ಇದರಲ್ಲಿ ವಿಶೇಷವೇನೂ ಕಾಣದು. ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಗೆರೆಯ ಮೇಲೆ ದೂರ, ನಿಲುಗೆರೆಯ ಮೇಲೆ ಹಣ. 2 ಕಿ.ಮೀ.ಗೆ 36 ರೂಪಾಯಿ, 3ಕ್ಕೆ 54, 5ಕ್ಕೆ 90, 10ಕ್ಕೆ 180. ನಾಲ್ಕು ಚುಕ್ಕಿ ಇಟ್ಟು ಸ್ಕೇಲ್ ಹಿಡಿದರೆ ನಾಲ್ಕೂ ಒಂದೇ ಗೆರೆಯ ಮೇಲೆ ಕೂರುತ್ತವೆ. ಆ ಗೆರೆಯನ್ನು ಎಡಕ್ಕೆ, ಕೆಳಕ್ಕೆ ಎಳೆಯುತ್ತ ಹೋಗಿ. ಅದು ನೇರವಾಗಿ ಮೂಲಬಿಂದುವಿಗೆ, ಸೊನ್ನೆ ಕಿಲೋಮೀಟರಿಗೆ ಸೊನ್ನೆ ರೂಪಾಯಿ ಎಂಬಲ್ಲಿಗೆ, ಬಂದು ಸೇರುತ್ತದೆ.

ಇದರ ಅರ್ಥವೇನು? 2 ಕಿ.ಮೀ. ದಾಟಿದ ಪ್ರಯಾಣಿಕ ಮೊದಲ ಮೀಟರಿನಿಂದಲೂ ಕಿಲೋಮೀಟರಿಗೆ 18 ರೂಪಾಯಿಯ ಲೆಕ್ಕದಲ್ಲೇ ಕೊಡುತ್ತಿದ್ದಾನೆ. ‘ಕನಿಷ್ಠ ದರ’ದ ಭಾರ ಅವನ ಮೇಲೆ ಒಂದು ಪೈಸೆಯಷ್ಟೂ ಇಲ್ಲ. ಅದನ್ನು ಹೊರುವವರು 2 ಕಿ.ಮೀ. ಒಳಗೆ ಇಳಿಯುವವರು ಮಾತ್ರ. ಒಂದೇ ಕಿಲೋಮೀಟರ್ ಹೋಗಿ ಇಳಿದವರು ಕಿಲೋಮೀಟರಿಗೆ 36 ರೂಪಾಯಿ ಕೊಟ್ಟಂತಾಯಿತು. 2021ರ ಡಿಸೆಂಬರಿನಿಂದ ಇದ್ದ ಹಳೆಯ ದರಕ್ಕೂ (2 ಕಿ.ಮೀ.ಗೆ 30, ಆಮೇಲೆ 15) ಇದೇ ಗುಣ. ಅದರ ಗೆರೆಯೂ ಮೂಲಬಿಂದುವಿನಿಂದಲೇ ಹೊರಡುತ್ತದೆ, ಏರಿಕೆ ಮಾತ್ರ ಸ್ವಲ್ಪ ಕಡಿಮೆ. ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ದರ ಏರಿಕೆಯ ಬಿಸಿ ಯಾರಿಗೆ ಎಷ್ಟು ಎಂಬುದು ಕಣ್ಣಿಗೇ ಬೀಳುತ್ತದೆ. 2 ಕಿ.ಮೀ.ಯಲ್ಲಿ ಅಂತರ 6 ರೂಪಾಯಿ, 10 ಕಿ.ಮೀ.ಯಲ್ಲಿ 30. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗಿನ ಒಂದೂವರೆ ಪಟ್ಟು ದರವನ್ನೂ ಸೇರಿಸಿದರೆ ಮೂರನೆಯ ಗೆರೆ ಇನ್ನೂ ಕಡಿದಾಗಿ ಮೇಲೇರುತ್ತದೆ.

ಈಗ ಒಬ್ಬ ಹುಡುಗ ಆತುರದಲ್ಲಿ ಎರಡೇ ಚುಕ್ಕಿ ಇಟ್ಟ ಎನ್ನೋಣ. 1 ಕಿ.ಮೀ.ಗೆ 36, 2 ಕಿ.ಮೀ.ಗೆ 36. ಸ್ಕೇಲ್ ಹಿಡಿದ, ಗೆರೆ ಎಳೆದ. ಗೆರೆ ಮಲಗಿದೆ. ಅದನ್ನು ನಂಬಿದರೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೂ 36 ರೂಪಾಯಿ! 4 ಕಿ.ಮೀ.ಗೆ 72 ಎಂಬ ಮೂರನೆಯ ಚುಕ್ಕಿ ಇಟ್ಟ ತಕ್ಷಣ ಆ ಗೆರೆ ಸುಳ್ಳಾಗುತ್ತದೆ. ಈ ದರಕ್ಕೆ 2 ಕಿ.ಮೀ. ಎಂಬಲ್ಲಿ ಒಂದು ತಿರುವು ಇದೆ ಎಂಬುದು ಗೊತ್ತಾಗುತ್ತದೆ. ಯಾವ ಎರಡು ಬಿಂದು ಕೊಟ್ಟರೂ ಅವುಗಳ ನಡುವೆ ಗೆರೆ ಎಳೆಯಬಹುದು. ತಪ್ಪು ಬಿಂದುಗಳಿಗೂ ಅಷ್ಟೇ ಅಂದವಾದ ಗೆರೆ ಬರುತ್ತದೆ. ಗೆರೆ ಸರಿಯೋ ಅಲ್ಲವೋ ಎಂದು ಮೊದಲ ಬಾರಿಗೆ ಮಾತಾಡುವುದು ಮೂರನೆಯ ಬಿಂದು. ನಮ್ಮ ಶಾಲೆಗಳಲ್ಲಿ ಸಮಯ ಉಳಿಸಲೆಂದು ಮೊದಲು ಕೈಬಿಡುವುದೂ ಅದನ್ನೇ.

ಕೋಷ್ಟಕದ ಒಳಗೆ

ರಾಜ್ಯದ ಒಂಬತ್ತು ಮತ್ತು ಹತ್ತನೆಯ ತರಗತಿಯ ಗಣಿತದಲ್ಲಿ ‘ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣ’ ಎಂಬ ಪಾಠವಿದೆ. ಹತ್ತನೆಯ ತರಗತಿಯಲ್ಲಿ ಅದು ಸಮೀಕರಣಗಳ ಜೋಡಿಯಾಗುತ್ತದೆ. ‘ನಕ್ಷೆಯ ವಿಧಾನದಿಂದ ಬಿಡಿಸಿ’ ಎಂಬ ನಾಲ್ಕು ಅಂಕದ ಪ್ರಶ್ನೆಯಾಗುತ್ತದೆ. ಗಣಿತ ಎಂದರೆ ಬೆವರುವ ಮಕ್ಕಳಿಗೂ ಇದನ್ನು ಅಭ್ಯಾಸ ಮಾಡಿಸಿ ಪಾಸು ಮಾಡಿಸುವ ಶಿಕ್ಷಕರಿದ್ದಾರೆ. ಅವರ ಶ್ರಮ ದೊಡ್ಡದು. ಆದರೆ ಅಂಕ ಬಂದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಆ ಗೆರೆ ಏನು ಹೇಳುತ್ತಿದೆ ಎಂದು ಮಗುವಿಗೆ ತಿಳಿದಿದೆಯೇ?

2ಎಕ್ಸ್ + 3ವೈ = 12 ಎಂಬುದನ್ನು ತೆಗೆದುಕೊಳ್ಳೋಣ. ಇದು ಒಂದು ಷರತ್ತು. ಎರಡು ಸಂಖ್ಯೆ ತನ್ನಿ, ಮೊದಲನೆಯದರ ಎರಡರಷ್ಟಕ್ಕೆ ಎರಡನೆಯದರ ಮೂರರಷ್ಟು ಸೇರಿಸಿದರೆ 12 ಬರಬೇಕು. ಎಕ್ಸ್‌ಗೆ 1 ಎಂಬ ಬೆಲೆ ಕೊಟ್ಟರೆ ವೈ 10ರ ಮೂರನೇ ಒಂದು ಭಾಗ, ಅಂದರೆ 3.33… ಆಗುತ್ತದೆ. ಸರಿಯಾದ ಉತ್ತರವೇ. ಆದರೆ ಮಿಲಿಮೀಟರ್ ಚೌಕಗಳ ಹಾಳೆಯಲ್ಲಿ ಅದನ್ನು ಕರಾರುವಾಕ್ಕಾಗಿ ಗುರುತಿಸಲು ಆಗದು. ಹಾಗಾಗಿ ಅನುಭವಿ ಶಿಕ್ಷಕರು ಎಕ್ಸ್‌ಗೆ 0, 3, 6 ಕೊಡಿ ಎನ್ನುತ್ತಾರೆ. ವೈ 4, 2, 0 ಎಂದು ಪೂರ್ಣವಾಗಿ ಬರುತ್ತದೆ. ವೈ ಜೊತೆಗಿರುವ 3ರ ಗುಣಕಗಳನ್ನೇ ಆರಿಸಿಕೊಳ್ಳುವ ಈ ಜಾಣ್ಮೆ ಕೈಗೆ ಬಂದರೆ ಕೋಷ್ಟಕದ ಅರ್ಧ ಕಷ್ಟ ಮುಗಿಯಿತು.

ಕೋಷ್ಟಕದ ಒಂದೊಂದು ಕಂಬಸಾಲೂ ಒಂದೊಂದು ನಿಜವಾದ ಹೇಳಿಕೆ. ‘3 ಮತ್ತು 2 ಈ ಷರತ್ತನ್ನು ಪೂರೈಸುತ್ತವೆ’ ಎಂಬ ಮಾತು ಹಾಳೆಯ ಮೇಲೆ ಬಲಕ್ಕೆ 3, ಮೇಲಕ್ಕೆ 2 ಮನೆ ಹೋಗಿ ಇಟ್ಟ ಚುಕ್ಕಿಯಾಗುತ್ತದೆ. ಈಗ ಯಾರೋ ಕೈತಪ್ಪಿನಿಂದ 2ರ ಜಾಗದಲ್ಲಿ 3 ಬರೆದರೆನ್ನಿ. ಮೊದಲ ಎರಡು ಬಿಂದು ಮಾತ್ರ ಇದ್ದಿದ್ದರೆ (0, 4) ಮತ್ತು (3, 3)ರ ಮೂಲಕ ಅಚ್ಚುಕಟ್ಟಾದ ಗೆರೆ ಬಂದು, ತಪ್ಪು ಹಾಗೇ ನುಂಗಿಹೋಗುತ್ತಿತ್ತು. (6, 0) ಇಟ್ಟೊಡನೆ ಮೂರೂ ಒಂದೇ ಸಾಲಿಗೆ ಬರುವುದಿಲ್ಲ. ಉತ್ತರ ಪತ್ರಿಕೆ ತಿದ್ದುವವರಿಗಿಂತ ಮೊದಲೇ ಹಾಳೆ ತಾನಾಗಿ ತಪ್ಪು ತೋರಿಸಿಬಿಡುತ್ತದೆ. ಇನ್ನೊಬ್ಬರ ಕೆಂಪು ಶಾಯಿಗೆ ಕಾಯದೆ ತನ್ನ ಲೆಕ್ಕವನ್ನು ತಾನೇ ಪರೀಕ್ಷಿಸಿಕೊಳ್ಳುವ ಅವಕಾಶ ಮಗುವಿಗೆ ಗಣಿತದಲ್ಲಿ ಇಷ್ಟು ಸಲೀಸಾಗಿ ಸಿಗುವ ಜಾಗ ಅಪರೂಪ.

ಚುಕ್ಕಿಗಳನ್ನು ಕೂಡಿಸುವುದೂ ಸಣ್ಣ ಕೆಲಸವಲ್ಲ. ಮೂರು ಬಿಂದುಗಳಷ್ಟೇ ನಮಗೆ ಗೊತ್ತು. ನಡುವಿನ ಖಾಲಿ ಜಾಗದಲ್ಲಿ ಪೆನ್ಸಿಲ್ ಓಡಿಸುವಾಗ, ಇಲ್ಲಿರುವ ಪ್ರತಿಯೊಂದು ಬಿಂದುವೂ ಷರತ್ತನ್ನು ಪೂರೈಸುತ್ತದೆ ಎಂದು ನಾವು ಹೇಳುತ್ತಿದ್ದೇವೆ. ಪರೀಕ್ಷಿಸಿ ನೋಡಬಹುದು. ಎಕ್ಸ್ 1.5 ಆದರೆ ವೈ 3, (1.5, 3) ಗೆರೆಯ ಮೇಲೆಯೇ ಇದೆ. ಗೆರೆಯ ಹೊರಗಿನ (4, 4) ಹಾಕಿ ನೋಡಿ, 8 ಮತ್ತು 12 ಸೇರಿ 20 ಆಗುತ್ತದೆ, 12 ಅಲ್ಲ. ಗೆರೆಯ ಮೇಲಿರುವುದೆಲ್ಲ ಪರಿಹಾರ, ಹೊರಗಿರುವುದು ಯಾವುದೂ ಅಲ್ಲ. ಇಡೀ ಪಾಠದ ಜೀವ ಈ ಎರಡು ಮಾತಿನಲ್ಲಿದೆ. ಆದರೆ ಎಕ್ಸ್ ಎಂದರೆ ಬಸ್ಸಿನ ಟಿಕೆಟ್‌ಗಳ ಸಂಖ್ಯೆ ಎಂದಾದರೆ ಒಂದೂವರೆ ಟಿಕೆಟ್ ಇರುವುದಿಲ್ಲ. ಅಲ್ಲಿ ಚುಕ್ಕಿಗಳು ಮಾತ್ರ ನಿಜ, ಗೆರೆ ನಮ್ಮ ಅನುಕೂಲಕ್ಕೆ ಎಳೆದದ್ದು. ಈ ವ್ಯತ್ಯಾಸವನ್ನು ಮಗು ಕೇಳಿದರೆ ಅದಕ್ಕೆ ಪಾಠ ಹತ್ತಿದೆ ಎಂದೇ ತಿಳಿಯಬೇಕು.

ನೇರವೇ ಏಕೆ?

ಮೂರನೆಯ ಬಿಂದುವಿಗೂ ಒಂದು ಮಿತಿಯಿದೆ. ಎಕ್ಸ್‌ನ ಘನ ವೈ ಆಗಿರುವ ಸಮೀಕರಣಕ್ಕೆ ಎಕ್ಸ್‌ಗೆ -1, 0, 1 ಎಂಬ ಬೆಲೆಗಳನ್ನು ಕೊಟ್ಟರೆ ವೈ ಕೂಡ -1, 0, 1. ಮೂರೂ ಬಿಂದು ಒಂದೇ ನೇರ ಗೆರೆಯಲ್ಲಿವೆ! ಆದರೆ ಎಕ್ಸ್ 2 ಆದಾಗ ವೈ 8ಕ್ಕೆ ಜಿಗಿಯುತ್ತದೆ. ಆ ನಕ್ಷೆ ನೇರ ಗೆರೆಯೇ ಅಲ್ಲ, ವಕ್ರರೇಖೆ. ಅಂದರೆ ಮೂರನೆಯ ಬಿಂದು ತಪ್ಪನ್ನು ಹಿಡಿಯಬಲ್ಲದು, ಗೆರೆ ನೇರವೆಂದು ಭರವಸೆ ಕೊಡಲಾರದು. ಆ ಭರವಸೆ ಬೇರೆ ಕಡೆಯಿಂದ ಬರಬೇಕು.

ವೈ = 2ಎಕ್ಸ್ + 1 ನೋಡಿ. ಎಕ್ಸ್ ಒಂದು ಹೆಚ್ಚಿದಾಗಲೆಲ್ಲ ವೈ ಸರಿಯಾಗಿ ಎರಡು ಹೆಚ್ಚುತ್ತದೆ. ಸೊನ್ನೆಯಿಂದ ಒಂದಕ್ಕೆ ಹೋದರೂ ಅಷ್ಟೆ, ನೂರರಿಂದ ನೂರೊಂದಕ್ಕೆ ಹೋದರೂ ಅಷ್ಟೆ. ಎಲ್ಲ ಮೆಟ್ಟಿಲಿಗೂ ಒಂದೇ ಅಗಲ, ಒಂದೇ ಎತ್ತರವಿದ್ದರೆ ಮೆಟ್ಟಿಲ ಮೂಲೆಗಳನ್ನು ಮುಟ್ಟಿಸಿ ಒರಗಿಸಿದ ಹಲಗೆ ಎಲ್ಲೂ ಉಬ್ಬುವುದಿಲ್ಲ, ತಗ್ಗುವುದಿಲ್ಲ. ಗಣಿತದ ಮಾತಿನಲ್ಲಿ, ಪ್ರತಿ ಹೆಜ್ಜೆಯಲ್ಲೂ ಏರ್ಪಡುವ ಲಂಬಕೋನ ತ್ರಿಭುಜಗಳೆಲ್ಲ ಸಮರೂಪ. ಹೆಜ್ಜೆಯನ್ನು ಅರ್ಧ ಮಾಡಿದರೂ, ನೂರನೇ ಒಂದು ಭಾಗ ಮಾಡಿದರೂ ಏರಿಕೆಯ ಅನುಪಾತ ಬದಲಾಗದು. ಆ ಅನುಪಾತವೇ ಇಳಿಜಾರು. ಘನದ ಸಮೀಕರಣದಲ್ಲಿ ಹೆಜ್ಜೆಯಿಂದ ಹೆಜ್ಜೆಗೆ ಏರಿಕೆ ಬದಲಾಗುತ್ತದೆ, ಅದಕ್ಕೇ ಗೆರೆ ಬಾಗುತ್ತದೆ. ಒಂದನೆಯ ಘಾತದ ಸಮೀಕರಣ ಎಂದರೆ ಏರಿಕೆ ಬದಲಾಗದ ಸಮೀಕರಣ. ಅದರ ನಕ್ಷೆಗೆ ಬಾಗಲು ಕಾರಣವೇ ಇಲ್ಲ.

ಮಾದಲ ಹಣ್ಣು, ಬೇಲದ ಹಣ್ಣು

ಕ್ರಿ.ಶ. 850ರ ಆಸುಪಾಸು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ. ಜೈನ ಗಣಿತಜ್ಞ ಮಹಾವೀರಾಚಾರ್ಯ ಆ ದೊರೆಯನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದರು. ಅದರಲ್ಲೊಂದು ಲೆಕ್ಕವಿದೆ. 9 ಮಾದಲ ಹಣ್ಣು ಮತ್ತು 7 ಬೇಲದ ಹಣ್ಣಿನ ಒಟ್ಟು ಬೆಲೆ 107. 7 ಮಾದಲ, 9 ಬೇಲ ಕೊಂಡರೆ 101. ಒಂದೊಂದರ ಬೆಲೆ ಎಷ್ಟು?

ಇದಕ್ಕೆ ಸೂತ್ರವೂ ಅಲ್ಲೇ ಇದೆ. ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ, ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ ಕಳೆಯಬೇಕು: 963ರಲ್ಲಿ 707 ಹೋದರೆ 256. ಅದನ್ನು ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ, ಅಂದರೆ 81ರಲ್ಲಿ 49 ಕಳೆದ 32ರಿಂದ, ಭಾಗಿಸಿದರೆ 8. ಮಾದಲದ ಬೆಲೆ 8, ಬೇಲದ್ದು 5. ಇಂದಿನ ಹತ್ತನೆಯ ತರಗತಿಯ ಹುಡುಗಿ ವರ್ಜಿಸುವ ವಿಧಾನದಿಂದ ಮಾಡುವ ಲೆಕ್ಕವೇ ಇದು, ಸುಮಾರು 1,175 ವರ್ಷ ಹಿಂದಿನದು.

ಇದೇ ಲೆಕ್ಕವನ್ನು ಗ್ರಾಫ್ ಹಾಳೆಗೆ ಇಳಿಸಿದರೆ ಅದಕ್ಕೆ ಇನ್ನೊಂದು ಮುಖ ಕಾಣುತ್ತದೆ. ಮಾದಲದ ಬೆಲೆಯನ್ನು ಅಡ್ಡಗೆರೆಯ ಮೇಲೆ, ಬೇಲದ ಬೆಲೆಯನ್ನು ನಿಲುಗೆರೆಯ ಮೇಲೆ ಇಡಿ. ಮೊದಲ ಷರತ್ತು ಒಂದು ಗೆರೆ. ಅದರ ಮೇಲೆ ಬೆಲೆಗಳ ಲೆಕ್ಕವಿಲ್ಲದಷ್ಟು ಜೋಡಿಗಳಿವೆ, ಆದರೆ ಎರಡೂ ಬೆಲೆ ಪೂರ್ಣ ನಾಣ್ಯಗಳಲ್ಲಿರಬೇಕೆಂದರೆ (1, 14) ಮತ್ತು (8, 5) ಇವೆರಡೇ ಸಿಗುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಬಲಕ್ಕೆ 7, ಕೆಳಕ್ಕೆ 9 ಹೆಜ್ಜೆ. ಸಮೀಕರಣದಲ್ಲಿದ್ದ ಅದೇ 7 ಮತ್ತು 9. ರೇಖೆಯ ಮೇಲಿನ ಇಂಥ ಪೂರ್ಣಾಂಕದ ಬಿಂದುಗಳನ್ನು ಹುಡುಕುವ ವಿದ್ಯೆಗೆ ನಮ್ಮವರು ‘ಕುಟ್ಟಕ’ ಎಂದರು. 499ರ ಆರ್ಯಭಟೀಯದಲ್ಲೇ ಅದಿದೆ. ಎರಡನೆಯ ಷರತ್ತಿನ ಗೆರೆ ಮೊದಲನೆಯದನ್ನು (8, 5)ರಲ್ಲಿ ಛೇದಿಸುತ್ತದೆ. ಮೊದಲ ಖರೀದಿಯೊಂದೇ ಗೊತ್ತಿದ್ದರೆ ಬೆಲೆ ಏನೂ ಇರಬಹುದಿತ್ತು, ಎರಡನೆಯ ಖರೀದಿ ಅದನ್ನು ಒಂದೇ ಬಿಂದುವಿಗೆ ತಂದು ನಿಲ್ಲಿಸಿತು ಎಂಬುದು ಸೂತ್ರದಲ್ಲಿ ಕಾಣಿಸದು, ಚಿತ್ರದಲ್ಲಿ ಕಾಣುತ್ತದೆ.

ಮಹಾವೀರಾಚಾರ್ಯರಿಗೆ ಸಮೀಕರಣವಿತ್ತು, ಚಿತ್ರವಿರಲಿಲ್ಲ. ಸಂಖ್ಯೆಗಳ ಷರತ್ತು ಒಂದು ಆಕಾರವಾಗಬಹುದು ಎಂಬ ವಿಚಾರ ಗಣಿತಕ್ಕೆ ದಕ್ಕಲು ಇನ್ನೂ ಸುಮಾರು 800 ವರ್ಷ ಹಿಡಿಯಿತು.

ಚಿತ್ರ ಬಂದ ದಾರಿ

ಮೊದಲ ಹೆಜ್ಜೆಗಳು ಫ್ರಾನ್ಸಿನಲ್ಲಿ ಬಿದ್ದವು. ಹದಿನಾಲ್ಕನೆಯ ಶತಮಾನದ ಪಾದ್ರಿ, ವಿದ್ವಾಂಸ ನಿಕೋಲ್ ಒರೆಮ್ ಕಾಲವನ್ನು ಅಡ್ಡ ಗೆರೆಯಾಗಿ, ವೇಗವನ್ನು ಅದರ ಮೇಲೆ ನಿಂತ ಗೆರೆಗಳಾಗಿ ಬರೆದು ಚಲನೆಯ ಚಿತ್ರ ತೋರಿಸಿದ. ಆದರೆ ಅವನ ಬಳಿ ಸಮೀಕರಣ ಇರಲಿಲ್ಲ. ಒಂದು ಕಡೆ ಬೀಜಗಣಿತ, ಇನ್ನೊಂದು ಕಡೆ ರೇಖಾಗಣಿತ. ಎರಡೂ ಕೂಡಿದ್ದು 1630ರ ದಶಕದಲ್ಲಿ, ಒಂದೇ ಕಾಲಕ್ಕೆ, ಇಬ್ಬರ ಕೈಯಲ್ಲಿ.

ಒಬ್ಬ ರೆನೆ ಡೆಕಾರ್ಟ್. 1637ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ, ಲೇಖಕರ ಹೆಸರಿಲ್ಲದೆ, ಅವನ ತತ್ತ್ವಶಾಸ್ತ್ರದ ಪುಸ್ತಕ ಹೊರಬಂತು. ಅದಕ್ಕೆ ಜೋಡಿಸಿದ್ದ ಮೂರು ಪ್ರಬಂಧಗಳಲ್ಲಿ ‘ಜ್ಯಾಮಿತಿ’ ಒಂದು. ಮಂಚದ ಮೇಲೆ ಮಲಗಿ ಚಾವಣಿಯ ಮೇಲಿನ ನೊಣ ನೋಡುತ್ತ ಅವನಿಗೆ ಅಕ್ಷಗಳು ಹೊಳೆದವು ಎಂಬ ಕತೆ ತರಗತಿಗಳಲ್ಲಿ ಜನಪ್ರಿಯ. ಅದಕ್ಕೆ ಆಧಾರವಿಲ್ಲ. ಅಲ್ಲದೆ ಇಂದಿನಂತೆ ಪರಸ್ಪರ ಲಂಬವಾದ ಎರಡು ಅಕ್ಷಗಳ ಚೌಕುಳಿ ಅವನ ಪುಸ್ತಕದಲ್ಲಿ ಇಲ್ಲ. ಅವನು ಹಿಡಿದದ್ದು ಕಠಿಣವಾದ ವಕ್ರರೇಖೆಗಳನ್ನು.

ನೇರ ಗೆರೆಯನ್ನು ಹಿಡಿದವನು ಇನ್ನೊಬ್ಬ, ಪಿಯರ್ ದ ಫರ್ಮಾ. ತುಲೂಸ್ ನಗರದ ನ್ಯಾಯಾಲಯದಲ್ಲಿ ಕೆಲಸ, ಬಿಡುವಿನಲ್ಲಿ ಗಣಿತ. ಅದೇ ಕಾಲಕ್ಕೆ ಅವನು ಬರೆದು ಹಂಚಿದ ಕೈಬರಹದ ಪುಟಗಳಲ್ಲಿ ಈ ವಿಷಯ ನೇರವಾಗಿ ಬರುತ್ತದೆ: ಗೊತ್ತಿಲ್ಲದ ಎರಡು ರಾಶಿಗಳ ನಡುವೆ ಒಂದನೆಯ ಘಾತದ ಸಂಬಂಧವಿದ್ದರೆ ಬಿಂದು ಒಂದು ಸರಳರೇಖೆಯ ಮೇಲೆಯೇ ಚಲಿಸುತ್ತದೆ. ಅವನೂ ಸಮರೂಪ ತ್ರಿಭುಜಗಳ ಅನುಪಾತದಿಂದಲೇ ಅದನ್ನು ಕಂಡ. ಈ ಬರಹ ಅಚ್ಚಾದದ್ದು 1679ರಲ್ಲಿ, ಅವನು ತೀರಿಕೊಂಡು 14 ವರ್ಷಗಳ ನಂತರ. ಅಷ್ಟರಲ್ಲಿ ಕೀರ್ತಿಯೆಲ್ಲ ಡೆಕಾರ್ಟ್ ಹೆಸರಿಗೆ ಹೋಗಿತ್ತು. ಶಾಲೆಯಲ್ಲಿ ಮಕ್ಕಳು ಎಳೆಯುವ ನೇರ ಗೆರೆಗೆ ಹೆಸರು ಹೇಳುವುದಾದರೆ ಫರ್ಮಾನನ್ನೇ ನೆನೆಯುವುದು ನ್ಯಾಯ. ಇಬ್ಬರಿಗೂ ಋಣ ಸಂಖ್ಯೆಗಳ ಬದಿ ಅಷ್ಟಾಗಿ ಬೇಕಿರಲಿಲ್ಲ. ಅಕ್ಷಗಳ ನಾಲ್ಕೂ ಭಾಗಗಳಲ್ಲಿ ಓಡಾಡುವ ನಕ್ಷೆಗಳನ್ನು ನ್ಯೂಟನ್ 1704ರಲ್ಲಿ ಪ್ರಕಟಿಸಿದ.

ಗಣಿತಜ್ಞರ ಕೈಯಿಂದ ಗೆರೆ ಜನರ ಕಣ್ಣಿಗೆ ಬಂದದ್ದು ಇನ್ನೂ ತಡವಾಗಿ. ಜೇಮ್ಸ್ ವ್ಯಾಟ್ ಬಳಿ ನಕ್ಷೆಗಾರನಾಗಿದ್ದ ವಿಲಿಯಂ ಪ್ಲೇಫೇರ್ 1786ರಲ್ಲಿ ಇಂಗ್ಲೆಂಡಿನ ಆಮದು–ರಫ್ತುಗಳನ್ನು ಗೆರೆಗಳಲ್ಲಿ ತೋರಿಸುವ ಪುಸ್ತಕ ತಂದ. ಶಾಲೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ. 1901ರಲ್ಲಿ ಗ್ಲಾಸ್ಗೋದಲ್ಲಿ ಎಂಜಿನಿಯರ್ ಜಾನ್ ಪೆರ್ರಿ, ಮರುವರ್ಷ ಅಮೆರಿಕದಲ್ಲಿ ಗಣಿತಜ್ಞ ಇ. ಎಚ್. ಮೂರ್, ಚೌಕುಳಿ ಹಾಳೆಯನ್ನು ಮಕ್ಕಳ ಕೈಗೆ ಕೊಡಿ ಎಂದು ವಾದಿಸಿದರು. ಮಗು ಕೈಯಾರೆ ಅಳೆದು, ಬಿಂದು ಇಟ್ಟು, ನಕ್ಷೆ ಬರೆದು ಗಣಿತಕ್ಕೆ ಬರಬೇಕೆಂಬುದು ಪೆರ್ರಿಯ ಹಟ. ನಮ್ಮ ಪರೀಕ್ಷೆಯ ಉತ್ತರ ಪತ್ರಿಕೆಗೆ ಇಂದು ಗ್ರಾಫ್ ಹಾಳೆ ಲಗತ್ತಾಗುತ್ತಿದ್ದರೆ ಅದರ ಹಿಂದೆ ಅಂಥ ಚಳವಳಿಯ ಪಾಲಿದೆ. ಪೆರ್ರಿ ಕೇಳಿದ್ದು ಪ್ರಯೋಗಕ್ಕೆ ಬೇಕಾದ ಹಾಳೆ. ನಮ್ಮಲ್ಲಿ ಅದು ಉತ್ತರ ಒಪ್ಪಿಸುವ ಹಾಳೆಯಾಗಿದೆ.

ಕ್ರಾಸಿಂಗ್ ಎಲ್ಲಿ?

ಗೆರೆಗಳು ಅಕ್ಷರಶಃ ಅನ್ನ ಹಾಕುವ ಜಾಗಗಳಲ್ಲಿ ರೈಲ್ವೆಯ ಕಂಟ್ರೋಲ್ ಕಚೇರಿಯೂ ಒಂದು. ಅಲ್ಲಿನ ಕಂಟ್ರೋಲರ್ ಮುಂದಿರುವ ಚಾರ್ಟಿನಲ್ಲಿ ಅಡ್ಡಕ್ಕೆ ಸಮಯ, ನಿಲುವಿಗೆ ನಿಲ್ದಾಣಗಳು. ಒಂದೊಂದು ರೈಲೂ ಒಂದೊಂದು ಓರೆ ಗೆರೆ. ವೇಗ ಹೆಚ್ಚಿದ್ದರೆ ಗೆರೆ ಕಡಿದು. ನಿಂತ ರೈಲಿನ ಗೆರೆ ಮಲಗಿರುತ್ತದೆ. ಹಿಂದೆ ದೊಡ್ಡ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಎಳೆಯುತ್ತಿದ್ದ ಈ ಗೆರೆಗಳನ್ನು ಈಗ ಕಂಪ್ಯೂಟರ್ ಎಳೆಯುತ್ತದೆ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜ್ಯೂಲ್ ಮಾರೇ ಹತ್ತೊಂಬತ್ತನೆಯ ಶತಮಾನದಲ್ಲೇ ಪ್ಯಾರಿಸ್–ಲಿಯಾನ್ ರೈಲುಗಳ ಇಂಥ ನಕ್ಷೆಯನ್ನು ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ.

ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ 741 ಕಿ.ಮೀ. ಕೊಂಕಣ ರೈಲು ಮಾರ್ಗದ ಬಹುಪಾಲು ಒಂಟಿ ಹಳಿ. ಕಾರವಾರ, ಭಟ್ಕಳ, ಕುಂದಾಪುರ ಕಡೆಯ ಪ್ರಯಾಣಿಕರಿಗೆ ‘ಕ್ರಾಸಿಂಗ್ ಇದೆ’ ಎಂಬ ಮಾತು ಚಿರಪರಿಚಿತ. ಅಂಥ ಒಂಟಿ ಹಳಿಯ 120 ಕಿ.ಮೀ. ತುಂಡೊಂದನ್ನು ಊಹಿಸಿಕೊಳ್ಳೋಣ. ಉತ್ತರದ ತುದಿಯಿಂದ 6 ಗಂಟೆಗೆ ಒಂದು ರೈಲು, ದಕ್ಷಿಣದ ತುದಿಯಿಂದ 6.30ಕ್ಕೆ ಇನ್ನೊಂದು. ಎರಡರದೂ ಗಂಟೆಗೆ 60 ಕಿ.ಮೀ., ಅಂದರೆ ನಿಮಿಷಕ್ಕೆ ಒಂದು. ಎರಡು ಗೆರೆ ಎಳೆದರೆ ಅವು ಕೂಡುವುದು 7.15ಕ್ಕೆ, ಉತ್ತರದಿಂದ 75ನೇ ಕಿಲೋಮೀಟರಿನಲ್ಲಿ. ಅಲ್ಲಿ ನಿಲ್ದಾಣವಿಲ್ಲ. ಹತ್ತಿರದ ನಿಲ್ದಾಣಗಳು 70 ಮತ್ತು 82ನೇ ಕಿಲೋಮೀಟರಿನಲ್ಲಿವೆ ಎನ್ನೋಣ.

ಈಗ ಕಂಟ್ರೋಲರ್ ಏನು ಮಾಡಬೇಕು? ಉತ್ತರದ ರೈಲನ್ನು 70ರಲ್ಲಿ ತಡೆದರೆ ಅದು 7.10ಕ್ಕೆ ಬಂದು ಲೂಪ್ ಹಳಿಯಲ್ಲಿ ನಿಲ್ಲುತ್ತದೆ, ಎದುರಿನದು 7.20ಕ್ಕೆ ದಾಟುತ್ತದೆ. ಕಾಯುವುದು 10 ನಿಮಿಷ. ಬದಲಿಗೆ ದಕ್ಷಿಣದ ರೈಲನ್ನು 82ರಲ್ಲಿ ತಡೆದರೆ ಅದು 7.08ಕ್ಕೆ ಬಂದು 7.22ರವರೆಗೆ, 14 ನಿಮಿಷ, ಕಾಯಬೇಕು. ಬೇರೆ ಕಾರಣವಿಲ್ಲದಿದ್ದರೆ 70ರಲ್ಲೇ ಕ್ರಾಸಿಂಗ್. ನಿಜವಾದ ಕೆಲಸದಲ್ಲಿ ರೈಲು ನಿಲ್ಲಲು, ಮತ್ತೆ ವೇಗ ಹಿಡಿಯಲು ತಗಲುವ ಸಮಯ, ಯಾವ ರೈಲಿಗೆ ಮೊದಲ ಮನ್ನಣೆ ಎಂಬ ಪ್ರಶ್ನೆ, ಹಿಂದೆ ಬರುತ್ತಿರುವ ಗೂಡ್ಸ್ ಗಾಡಿ ಎಲ್ಲವೂ ಸೇರುತ್ತವೆ. ಆದರೂ ತಳಹದಿ ಇದೇ: ಎರಡು ರೇಖಾತ್ಮಕ ಸಮೀಕರಣಗಳು ಎಲ್ಲಿ ಛೇದಿಸುತ್ತವೆ? ಒಂಬತ್ತನೆಯ ತರಗತಿಯ ವಿದ್ಯಾರ್ಥಿಗೆ ಇದನ್ನು ಹಾಳೆಯಲ್ಲಿ ಮಾಡಿಸಿದರೆ, ನಕ್ಷೆಯ ಪಾಠ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಅವನು ಕೇಳುವುದಿಲ್ಲ.

ಮೊಬೈಲ್ ಎಳೆಯುವ ಗೆರೆ

ಈಗ ಸಮೀಕರಣ ಟೈಪ್ ಮಾಡಿದರೆ ಸಾಕು, ಜಿಯೊಜೀಬ್ರಾದಂಥ ಆ್ಯಪ್‌ಗಳು ಕಣ್ಣು ಮಿಟುಕಿಸುವುದರಲ್ಲಿ ಗೆರೆ ಎಳೆದು ತೋರಿಸುತ್ತವೆ. ಹಾಗಿರುವಾಗ ಕೈಯಲ್ಲಿ ಚುಕ್ಕಿ ಇಡುವುದು ಇನ್ನೂ ಏಕೆ ಬೇಕು?

ಮೊಬೈಲ್ ಪರದೆಯಲ್ಲಿ ಗೆರೆ ಎಂಬುದೇ ಇಲ್ಲ ಎಂಬುದು ಮೊದಲ ಉತ್ತರ. ಅಲ್ಲಿರುವುದು ಪಿಕ್ಸೆಲ್‌ಗಳ ಚೌಕುಳಿ. ಓರೆ ಗೆರೆ ಬೇಕಾದರೆ ಯಾವ ಯಾವ ಚುಕ್ಕಿ ಬೆಳಗಬೇಕೆಂದು ಒಂದೊಂದನ್ನಾಗಿ ನಿರ್ಧರಿಸಬೇಕು. 1962ರಲ್ಲಿ ಐಬಿಎಂ ಕಂಪನಿಯ ಜ್ಯಾಕ್ ಬ್ರೆಸನ್‌ಹ್ಯಾಮ್ ಇದಕ್ಕೆ ಒಂದು ಜಾಣ ದಾರಿ ಕಂಡುಹಿಡಿದರು. ಒಂದು ಮನೆ ಬಲಕ್ಕೆ ಹೋದಾಗ ಮೇಲಿನ ಸಾಲಿಗೆ ಏರಬೇಕೋ ಇದೇ ಸಾಲಿನಲ್ಲಿ ಉಳಿಯಬೇಕೋ ಎಂಬುದನ್ನು ಪೂರ್ಣಾಂಕಗಳ ಕೂಡು–ಕಳೆಯಿಂದಲೇ ತೀರ್ಮಾನಿಸುವ ವಿಧಾನ ಅದು. ನಿಜವಾದ ಗೆರೆಯಿಂದ ಎಷ್ಟು ದೂರ ಸರಿದಿದ್ದೇವೆ ಎಂಬ ತಪ್ಪಿನ ಲೆಕ್ಕವನ್ನು ಇಟ್ಟುಕೊಂಡು, ಅದು ಮಿತಿ ಮೀರಿದಾಗ ಒಂದು ಸಾಲು ಏರುವುದು. ಕಂಪ್ಯೂಟರ್ ಕೂಡ ಬಿಂದು ಇಡುತ್ತದೆ, ಪ್ರತಿ ಬಿಂದುವಿನಲ್ಲೂ ತನ್ನ ತಪ್ಪನ್ನು ತಾನೇ ಅಳೆಯುತ್ತದೆ.

ಎರಡನೆಯ ಉತ್ತರ ಮುಖ್ಯವಾದದ್ದು. ಆ್ಯಪ್ ಕೊಡುವ ಗೆರೆ ಮುಗಿದ ಕೆಲಸ. ಎಕ್ಸ್ ಬದಲಾದರೆ ವೈ ಹೇಗೆ ಬದಲಾಗುತ್ತದೆ ಎಂಬ ಅನುಭವ ಹುಟ್ಟುವುದು 0, 4; 3, 2; 6, 0 ಎಂದು ಬರೆಯುತ್ತ, ಒಂದು ಏರಿದಾಗ ಇನ್ನೊಂದು ಇಳಿಯುವುದನ್ನು ಕೈಯಾರೆ ಕಂಡಾಗ. ಅದಾದ ಮೇಲೆ ಆ್ಯಪ್ ಬಂದರೆ ಬಹಳ ಒಳ್ಳೆಯದು. ಸಂಖ್ಯೆಯೊಂದನ್ನು ಬದಲಿಸುತ್ತ ಗೆರೆ ತಿರುಗುವುದನ್ನು, ಮೇಲೆ ಕೆಳಗೆ ಸರಿಯುವುದನ್ನು ಅದು ತೋರಿಸುವಷ್ಟು ಚೆನ್ನಾಗಿ ಹಾಳೆ ತೋರಿಸಲಾರದು.

ಮಾಡಿ ನೋಡಿ: ಜ್ವರದ ಗೆರೆ

ಸೆಲ್ಸಿಯಸ್ ಉಷ್ಣತೆಯನ್ನು 1.8ರಿಂದ ಗುಣಿಸಿ 32 ಕೂಡಿಸಿದರೆ ಫ್ಯಾರನ್‌ಹೀಟ್ ಸಿಗುತ್ತದೆ. ಮಂಜುಗಡ್ಡೆ ಕರಗುವ ಬಿಂದು (0, 32). ನೀರು ಕುದಿಯುವ ಬಿಂದು (100, 212). ಗೆರೆ ಎಳೆಯಿರಿ. ಮೂರನೆಯದಕ್ಕೆ ಆರೋಗ್ಯವಂತರ ಮೈಬಿಸಿ ಎಂದು ಹೇಳಲಾಗುವ (37, 98.6) ಗುರುತಿಸಿ, ಗೆರೆಯ ಮೇಲೆ ಬರುತ್ತದೆಯೇ ನೋಡಿ. ಈಗ ಅದೇ ಹಾಳೆಯಲ್ಲಿ ಎರಡೂ ಸಂಖ್ಯೆ ಸಮವಾಗಿರುವ (0, 0), (50, 50) ಬಿಂದುಗಳ ಗೆರೆಯನ್ನೂ ಎಳೆದು ಎರಡನ್ನೂ ಎಡಕ್ಕೆ ಚಾಚಿ. ಅವು ಕೂಡುವುದು -40ರಲ್ಲಿ. ಎರಡೂ ಮಾಪಕಗಳು ಒಂದೇ ಸಂಖ್ಯೆ ತೋರಿಸುವ ಏಕೈಕ ಉಷ್ಣತೆ ಅದು. ಹಾಳೆಯಲ್ಲಿ -40 ಹಿಡಿಸಲು ಯಾವ ಪ್ರಮಾಣ ಬೇಕೆಂದು ಮಕ್ಕಳೇ ಯೋಚಿಸಲಿ.

ತರಗತಿಯಲ್ಲಿ ಏನು ಬದಲಾಗಬಹುದು

ಪರೀಕ್ಷೆಯ ಪ್ರಶ್ನೆಗಳಲ್ಲಿ ಗೆರೆಗಳು ಸಾಮಾನ್ಯವಾಗಿ ಪೂರ್ಣಾಂಕದ ಬಿಂದುವಿನಲ್ಲೇ ಛೇದಿಸುತ್ತವೆ. ತಿದ್ದುವವರಿಗೆ, ಬರೆಯುವವರಿಗೆ ಅದು ಅನುಕೂಲ. ಆದರೆ ಉತ್ತರ 2.37 ಆಗಿದ್ದರೆ ಹಾಳೆ ಅದನ್ನು ಸುಮಾರಾಗಿ ಮಾತ್ರ ಹೇಳಬಲ್ಲದು, ಖಚಿತವಾಗಿ ಹೇಳಲು ಬೀಜಗಣಿತವೇ ಬೇಕು ಎಂಬುದು ಮಕ್ಕಳಿಗೆ ತಿಳಿಯದೇ ಹೋಗುತ್ತದೆ. ಅಂಥದೊಂದು ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಗೆರೆಗಳು ಸಮಾಂತರವಾದರೆ ಪರಿಹಾರವಿಲ್ಲ, ಐಕ್ಯವಾದರೆ ಅನಂತ ಪರಿಹಾರಗಳು ಎಂಬುದನ್ನು ನಿಯಮವಾಗಿ ಬಾಯಿಪಾಠ ಮಾಡಿಸುವ ಮೊದಲು ಹಾಳೆಯಲ್ಲಿ ಕಾಣಲು ಬಿಡಬೇಕು. 9 ಮಾದಲ, 7 ಬೇಲಕ್ಕೆ 107 ಎಂದವನು 18 ಮಾದಲ, 14 ಬೇಲಕ್ಕೆ 214 ಎಂದರೆ ಹೊಸದೇನೂ ಹೇಳಿದಂತಾಗಲಿಲ್ಲ. ಗೆರೆಯ ಮೇಲೆ ಗೆರೆ ಬೀಳುತ್ತದೆ. 214ರ ಬದಲು 220 ಎಂದರೆ ಇಬ್ಬರಲ್ಲಿ ಒಬ್ಬರ ಲೆಕ್ಕ ತಪ್ಪು, ಇಲ್ಲವೇ ದರ ಬದಲಾಗಿದೆ. ಗೆರೆಗಳು ಎಷ್ಟು ದೂರ ಹೋದರೂ ಕೂಡುವುದಿಲ್ಲ.

ಪಿಯುಸಿಗೆ ಹೋದ ಮೇಲೆ ಇದೇ ವಿದ್ಯೆ ತಿರುವುಮುರುವಾಗುತ್ತದೆ. ಭೌತಶಾಸ್ತ್ರದ ಲ್ಯಾಬಿನಲ್ಲಿ ವೋಲ್ಟೇಜು, ಕರೆಂಟು ಅಳೆದು ಬಿಂದು ಇಟ್ಟು ಅವುಗಳಿಂದ ಗೆರೆಯನ್ನು ಹುಡುಕಬೇಕು. ಅಲ್ಲಿ ಬಿಂದುಗಳು ಒಂದಿಷ್ಟು ಆಚೀಚೆ ಚೆದುರಿರುತ್ತವೆ, ಏಕೆಂದರೆ ಅಳತೆಯಲ್ಲಿ ತಪ್ಪು ಇದ್ದೇ ಇರುತ್ತದೆ. ಚೆದುರಿದ ಬಿಂದುಗಳಿಗೆ ಅತ್ಯುತ್ತಮವಾಗಿ ಹೊಂದುವ ಗೆರೆ ಯಾವುದು ಎಂಬುದಕ್ಕೆ 1805ರಲ್ಲಿ ಲೆಜಾಂಡ್ರ್ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ ಇಂದಿಗೂ ದತ್ತಾಂಶ ವಿಜ್ಞಾನದ ಮೊದಲ ಪಾಠ. ಹೈಸ್ಕೂಲಿನಲ್ಲಿ ಮೂರನೆಯ ಬಿಂದುವನ್ನು ಗೌರವಿಸಲು ಕಲಿತವರಿಗೆ ಲ್ಯಾಬಿನಲ್ಲಿ ಗೆರೆಗೆ ಹೊಂದದ ಬಿಂದುವನ್ನು ಅಳಿಸಿ ಹಾಕುವ ಮನಸ್ಸಾಗುವುದಿಲ್ಲ. ಅದು ತನ್ನ ತಪ್ಪೋ, ಉಪಕರಣದ್ದೋ, ಅಥವಾ ನಿಯಮವೇ ಅಲ್ಲಿ ತಿರುಗಿದೆಯೋ ಎಂದು ಅವರು ಕೇಳುತ್ತಾರೆ.

ಶಿಕ್ಷಕರಲ್ಲಿ, ಪಾಲಕರಲ್ಲಿ ನನ್ನ ಕೋರಿಕೆ ಇಷ್ಟೆ. ಮಗು ನಕ್ಷೆ ಬರೆದು ತಂದಾಗ ಗೆರೆ ನೇರವಾಗಿದೆಯೇ ಎಂದು ನೋಡಿ ಟಿಕ್ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ಈ ಗೆರೆಯ ಮೇಲಿನ, ನೀನು ಕೋಷ್ಟಕದಲ್ಲಿ ಬರೆಯದ, ಒಂದು ಬಿಂದುವನ್ನು ತೋರಿಸಿ ಅದು ಸಮೀಕರಣಕ್ಕೆ ಹೊಂದುತ್ತದೆಂದು ಸಾಧಿಸು. ಗೆರೆಯ ಹೊರಗಿನ ಒಂದನ್ನು ತೋರಿಸಿ ಅದು ಏಕೆ ಹೊಂದದು ಹೇಳು. ಎರಡಕ್ಕೂ ಸೇರಿ ಐದು ನಿಮಿಷ ಸಾಕು, ಖರ್ಚಿಲ್ಲ, ಹೊಸ ಪಠ್ಯಕ್ರಮ ಬೇಕಿಲ್ಲ. ಇವೆರಡಕ್ಕೆ ಉತ್ತರ ಹೇಳಬಲ್ಲ ಮಗುವಿಗೆ ನಾಲ್ಕು ಅಂಕ ತಾನಾಗಿ ಬರುತ್ತದೆ. ಅದರ ಜೊತೆಗೆ, ಯಾರಾದರೂ ಎರಡು ಉದಾಹರಣೆ ಕೊಟ್ಟು ‘ಯಾವಾಗಲೂ ಹೀಗೇ’ ಎಂದು ಗೆರೆ ಎಳೆದುಬಿಟ್ಟಾಗ, ಮೂರನೆಯದನ್ನು ಕೇಳುವ ಅಭ್ಯಾಸವೂ ಬರುತ್ತದೆ.